‘ವು’ ಎಂದರೆ ಶೂನ್ಯವೇ? ಲಾವೋತ್ಸೆಯ ಹನ್ನೊಂದನೇ ಅಧ್ಯಾಯಕ್ಕೆ ಕನ್ನಡದ ಪದ ಬೇಕು

ಓದುಕೋಣೆ

ಎಲ್ಲರಿಗೂ ನಮಸ್ಕಾರ. ಪ್ರಾಚೀನ ಚೀನಾದ ಜ್ಞಾನಿ ಲಾವೋತ್ಸೆಯದೆನ್ನುವ ‘ತಾವೋ ತೆ ಚಿಂಗ್’ (‘ತಾವೋ’ ಎಂದರೆ ದಾರಿ) ಗ್ರಂಥದ ಹನ್ನೊಂದನೇ ಅಧ್ಯಾಯವನ್ನು ಹಳೆಯ ಚೀನೀ ಮೂಲದಿಂದಲೇ ಕನ್ನಡಕ್ಕೆ ತರಲು ಪ್ರಯತ್ನಿಸುತ್ತಿದ್ದೇನೆ. ಪ್ರಚಲಿತ ಪಾಠದಲ್ಲಿ ಇಡೀ ಅಧ್ಯಾಯಕ್ಕೆ ಇರುವುದು 49 ಅಕ್ಷರಗಳು. ಆ 49ರಲ್ಲಿ ಒಂದೇ ಅಕ್ಷರ ಎರಡು ತಿಂಗಳಿಂದ ನನ್ನನ್ನು ಕಾಡುತ್ತಿದೆ: ‘ವು’. ಅದನ್ನು ‘ಶೂನ್ಯ’ ಎಂದು ಮಾಡಿದ ಮೊದಲ ಕರಡು ಹೀಗಿತ್ತು:

“ಮೂವತ್ತು ಅರೆಗಳು ಒಂದು ಗುಂಬದಲ್ಲಿ ಕೂಡುತ್ತವೆ, ಅದರ ಶೂನ್ಯದಲ್ಲಿ ಬಂಡಿಯ ಉಪಯೋಗವಿದೆ. ಮಣ್ಣು ನಾದಿ ಪಾತ್ರೆ ಮಾಡುತ್ತಾರೆ. ಅದರ ಶೂನ್ಯದಲ್ಲಿ ಪಾತ್ರೆಯ ಉಪಯೋಗವಿದೆ. ಬಾಗಿಲು, ಕಿಟಕಿ ಕೊರೆದು ಕೋಣೆ ಮಾಡುತ್ತಾರೆ. ಅದರ ಶೂನ್ಯದಲ್ಲಿ ಕೋಣೆಯ ಉಪಯೋಗವಿದೆ.”

ಅರೆಗಳೆಂದರೆ ಗಾಲಿಯ ಕಡ್ಡಿಗಳು. ಗುಂಬ ಎಂದರೆ ಗಾಲಿಯ ನಡುವಿನ, ಅಚ್ಚು ಹಾಯುವ ತೂತಿರುವ ಮರದ ದಿಮ್ಮಿ. ಇದನ್ನು ನಮ್ಮ ಓದುಗರ ಗುಂಪಿನಲ್ಲಿ ಓದಿದೆ. ‘ಶೂನ್ಯ’ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಮಾತು ಅಲ್ಲಮನ ಕಡೆಗೆ, ಶೂನ್ಯಸಂಪಾದನೆಯ ಕಡೆಗೆ, ಬಯಲಿನ ಕಡೆಗೆ ಹೊರಟಿತು. ಒಂದೂವರೆ ಗಂಟೆಯ ಒಳ್ಳೆಯ ಮಾತುಕತೆಯೇ ಅದು. ಆದರೆ ಬಂಡಿ, ಮಡಕೆ, ಕೋಣೆ ಮೂರನ್ನೂ ಯಾರೂ ತಿರುಗಿ ನೋಡಲಿಲ್ಲ. ಲಾವೋತ್ಸೆ ತೋರಿಸಿದ್ದು ಈ ಮೂರನ್ನೇ. ಹಾಗಾದರೆ ತಪ್ಪು ಪದದಲ್ಲಿದೆ ಎಂದು ನನಗೆ ಅನ್ನಿಸುತ್ತಿದೆ. ನಿಮಗೆ ಏನನ್ನಿಸುತ್ತದೆ?

ಹಿನ್ನೀರು

ಪದದಲ್ಲಿ ತಪ್ಪಿದೆ ಎಂದು ನಾನು ಒಪ್ಪುವುದಿಲ್ಲ. ನಲವತ್ತನೇ ಅಧ್ಯಾಯವನ್ನೂ ಜೊತೆಗಿಟ್ಟುಕೊಂಡು ಓದಿ: “ಲೋಕದ ವಸ್ತುಗಳೆಲ್ಲ ‘ಯೌ’ನಿಂದ ಹುಟ್ಟುತ್ತವೆ, ‘ಯೌ’ ಹುಟ್ಟುವುದು ‘ವು’ನಿಂದ.” ‘ಯೌ’ ಎಂದರೆ ಇರುವಿಕೆ. ಇರುವಿಕೆಗೇ ತಾಯಿಯಾದದ್ದನ್ನು ‘ತೂತು’, ‘ಪೊಳ್ಳು’ ಎಂದೆಲ್ಲ ಕರೆದರೆ ಅದು ಕುಬ್ಜವಾಗುತ್ತದೆ.

ಕ್ರಿ.ಶ. 249ರಲ್ಲಿ, ಇಪ್ಪತ್ಮೂರರ ಆಸುಪಾಸಿನಲ್ಲೇ ತೀರಿಕೊಂಡ ವಾಂಗ್ ಬಿ ಎಂಬ ತರುಣ ಬರೆದ ವ್ಯಾಖ್ಯಾನವೇ ಇಂದಿಗೂ ಈ ಗ್ರಂಥದ ಹೆಬ್ಬಾಗಿಲು. ಅವನ ಪ್ರಕಾರ ‘ವು’ ಎಲ್ಲದರ ಬೇರು. ಗಾಲಿ, ಮಡಕೆ ಆ ಬೇರನ್ನು ತೋರಿಸಲು ಬಂದ ದೃಷ್ಟಾಂತಗಳು, ಅಷ್ಟೇ. ಬೆರಳನ್ನು ನೋಡುತ್ತ ಕುಳಿತರೆ ಚಂದ್ರ ಕಾಣುವುದಿಲ್ಲ. ‘ಶೂನ್ಯ’ ಎಂಬ ಪದಕ್ಕೆ ಕನ್ನಡದಲ್ಲಿ ಅಂಥ ಎತ್ತರವಿದೆ. ಅದನ್ನು ಬಿಟ್ಟುಕೊಡಬೇಡಿ.

ಬಂಡಿಹಾದಿ

ನಾನು ಬಡಗಿಗಳ ಮನೆಯವನು. ನಮ್ಮ ಅಜ್ಜ ಗಾಲಿ ಕಟ್ಟುತ್ತಿದ್ದರು. ಚೀನೀ ಭಾಷೆ ನನಗೆ ಬಾರದು. ಗಾಲಿಯ ಬಗ್ಗೆ ಮಾತ್ರ ಹೇಳುತ್ತೇನೆ.

ಹೊರಗಿನವರಿಗೆ ಗುಂಬದ ತೂತು ಸುಮ್ಮನೆ ಉಳಿದ ಜಾಗದಂತೆ ಕಾಣುತ್ತದೆ. ಗಾಲಿಯ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಡುವುದೇ ಅದು. ತೂತು ಬಿಗಿಯಾದರೆ ಅಚ್ಚು ಕಚ್ಚಿಕೊಂಡು ಕಾಯುತ್ತದೆ, ಎಷ್ಟು ಕೀಲೆಣ್ಣೆ ಹಾಕಿದರೂ ಎತ್ತುಗಳು ಏದುಸಿರು ಬಿಡುತ್ತವೆ. ಸಡಿಲವಾದರೆ ಗಾಲಿ ಓಲಾಡಿ ಕಡಾಣಿಯ ಮೇಲೆ ಭಾರ ಬೀಳುತ್ತದೆ. ಅಜ್ಜ ಬೆರಳನ್ನು ಒಳಗೆ ಹಾಕಿ ಕಣ್ಣು ಮುಚ್ಚಿಕೊಂಡು ತಿರುಗಿಸಿ ನೋಡುತ್ತಿದ್ದರು. ಆ ತೂತಿಗೆ ಅಳತೆ ಇದೆ, ಅಂಚು ಇದೆ, ನಯ ಇದೆ. ಅದನ್ನು ‘ಶೂನ್ಯ’ ಎಂದರೆ ನನಗೆ ಅಜ್ಜನ ಬೆರಳು ಮರೆಯಾದಂತಾಗುತ್ತದೆ.

ಒಂದು ಪ್ರಶ್ನೆ: ಮೂವತ್ತು ಅರೆ ಎಂದು ಏಕೆ ಹೇಳಿದ್ದಾರೆ? ನಮ್ಮ ಎತ್ತಿನ ಗಾಡಿಗಳಿಗೆ ಅದರ ಅರ್ಧವೂ ಇರುವುದಿಲ್ಲ.

ಓದುಕೋಣೆ

ಬಂಡಿಹಾದಿ ಅವರೇ, ನಿಮ್ಮ ಮಾತನ್ನು ಮೂರು ಸಲ ಓದಿದೆ. ಮೂವತ್ತು ಎಂಬುದು ಕವಿಯ ಕಲ್ಪನೆಯಲ್ಲ. ಪ್ರಾಚೀನ ಚೀನಾದ ಕುಶಲಕರ್ಮಗಳ ದಾಖಲೆಯಾದ ‘ಖಾವ್ ಗುಂಗ್ ಜಿ’ಯಲ್ಲಿ ರಥದ ಗಾಲಿಗೆ ಮೂವತ್ತು ಅರೆಗಳೆಂದೂ, ಅವು ಸೂರ್ಯಚಂದ್ರರ ಸಂಕೇತವೆಂದೂ ಬರೆದಿದೆ. ತಿಂಗಳ ಮೂವತ್ತು ದಿನಗಳೆಂದು ಅದನ್ನು ಅರ್ಥಮಾಡುತ್ತಾರೆ. 1980ರಲ್ಲಿ ಶಿಆನ್ ಬಳಿ, ಚಿನ್ ವಂಶದ ಮೊದಲ ಚಕ್ರವರ್ತಿಯ ಸಮಾಧಿಯ ಪಕ್ಕ ಸಿಕ್ಕ ಕಂಚಿನ ರಥಗಳ ಗಾಲಿಗಳಿಗೂ ಮೂವತ್ತೇ ಅರೆಗಳಿವೆ. ಲಾವೋತ್ಸೆಯ ಓದುಗರು ಬೀದಿಯಲ್ಲಿ ಕಂಡ ಗಾಲಿ ಅದು.

ಬೆರಳು ಹಾಕಿ ನೋಡುವ ಅಜ್ಜನ ಬಗ್ಗೆ ಓದಿದಾಗ, ಲಾವೋತ್ಸೆಯದೇ ಪಂಥದ (ತಾವೋ ಪಂಥ) ಇನ್ನೊಂದು ಹಳೆಯ ಗ್ರಂಥವಾದ ‘ಜುವಾಂಗ್‌ತ್ಸೆ’ಯ ಹದಿಮೂರನೇ ಅಧ್ಯಾಯದಲ್ಲಿ ಬರುವ ಗಾಲಿ ಕಟ್ಟುವ ಬ್ಯೆನ್ ನೆನಪಾದ. ಚೀ ರಾಜ್ಯದ ದೊರೆ ಮೇಲೆ ಕುಳಿತು ಪುಸ್ತಕ ಓದುತ್ತಿರುತ್ತಾನೆ, ಕೆಳಗೆ ಬ್ಯೆನ್ ಗಾಲಿ ಕೆತ್ತುತ್ತಿರುತ್ತಾನೆ. ನಿಧಾನವಾದರೆ ಸಡಿಲ, ಅವಸರವಾದರೆ ಬಿಗಿ. ಎರಡೂ ಅಲ್ಲದ ಹದ ಕೈಗೆ ಸಿಗುತ್ತದೆ, ಮನಸ್ಸಿಗೆ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ ಎನ್ನುತ್ತಾನೆ. ಅದನ್ನು ಮಗನಿಗೂ ಕಲಿಸಲಾಗದೆ ಎಪ್ಪತ್ತರ ವಯಸ್ಸಿನಲ್ಲೂ ತಾನೇ ಗಾಲಿ ಮಾಡುತ್ತಿದ್ದೇನೆ ಎಂದು ದೊರೆಗೆ ಹೇಳುತ್ತಾನೆ.

ಮೂರನೇ ಕಿಟಕಿ

ನನ್ನ ಓದು ಬೌದ್ಧ ದರ್ಶನದ್ದು. ‘ಶೂನ್ಯ’ ಬೇಡವೆನ್ನಲು ನನಗಿರುವ ಕಾರಣ ಬೇರೆ. ಆ ಪದಕ್ಕೆ ಈಗಾಗಲೇ ಒಬ್ಬ ಯಜಮಾನನಿದ್ದಾನೆ: ಬೌದ್ಧ ದಾರ್ಶನಿಕ ನಾಗಾರ್ಜುನ. ಅವನ ಶೂನ್ಯತೆ ಒಂದು ವಸ್ತುವಿನ ಒಳಗಿನ ಖಾಲಿ ಜಾಗವಲ್ಲ. ಯಾವುದಕ್ಕೂ ತನ್ನದೇ ಆದ ಸ್ವಭಾವವಿಲ್ಲ, ಎಲ್ಲವೂ ಇನ್ನೊಂದನ್ನು ಅವಲಂಬಿಸಿ ಹುಟ್ಟುತ್ತದೆ ಎಂಬುದು ಅವನ ವಾದ. ಅವನ ದೃಷ್ಟಿಯಲ್ಲಿ ಮಡಕೆಯ ಒಳಗಿನ ತೆರಪು ಎಷ್ಟು ಶೂನ್ಯವೋ ಮಡಕೆಯ ಮಣ್ಣೂ ಅಷ್ಟೇ ಶೂನ್ಯ. ಲಾವೋತ್ಸೆ ಹೇಳುತ್ತಿರುವುದು ಅದಲ್ಲ. ಅವನು ಮಣ್ಣನ್ನೂ ತೆರಪನ್ನೂ ಬೇರೆ ಬೇರೆಯಾಗಿ ತೋರಿಸುತ್ತಾನೆ.

ಈ ಗೊಂದಲ ನಮ್ಮದಷ್ಟೇ ಅಲ್ಲ, ಚೀನಾದಲ್ಲಿಯೇ ಆಗಿತ್ತು. ಬೌದ್ಧ ಗ್ರಂಥಗಳ ಮೊದಲ ಅನುವಾದಕರು ತಾವೋ ಪಂಥದ ಪದಗಳನ್ನು ಎರವಲು ಪಡೆದರು. ಪ್ರಜ್ಞಾಪಾರಮಿತ ಸೂತ್ರಗಳ ‘ತಥತಾ’ (ವಸ್ತುಗಳು ಇರುವಂತೆಯೇ ಇರುವುದು) ಎಂಬುದಕ್ಕೆ ‘ಬೆನ್‌ವು’, ಅಂದರೆ ‘ಮೂಲದ ವು’ ಎಂದು ಬರೆದವರಿದ್ದಾರೆ. ಓದಿದವರು ಸಹಜವಾಗಿಯೇ ಅದನ್ನು ಲಾವೋತ್ಸೆಯ ಮಾತೆಂದು ತಿಳಿದರು. 401ರಲ್ಲಿ ಬೌದ್ಧ ಭಿಕ್ಷು, ಅನುವಾದಕ ಕುಮಾರಜೀವ ಛಾಂಗ್‌ಆನ್ ನಗರಕ್ಕೆ ಬಂದು, 409ರಲ್ಲಿ ನಾಗಾರ್ಜುನನ ಮಧ್ಯಮಕ ಶಾಸ್ತ್ರ ಚೀನೀ ಭಾಷೆಗೆ ಇಳಿದ ಮೇಲೆ ಎರಡೂ ಬೇರೆಯೆಂಬುದು ನಿಚ್ಚಳವಾಯಿತು. ಅವನ ಅನುವಾದಗಳಲ್ಲಿ ಶೂನ್ಯತೆಗೆ ನಿಂತ ಪದ ‘ಖುಂಗ್’. ಅವನ ಶಿಷ್ಯ ಸೆಂಗ್‌ಜಾವ್, ‘ಬೆನ್‌ವು’ ಎನ್ನುವವರಿಗೆ ‘ವು’ನ ಮೇಲೆ ಒಲವು ಮಿತಿಮೀರಿದೆ ಎಂದು ನೇರವಾಗಿಯೇ ಬರೆದ. ಅಷ್ಟು ಕಷ್ಟಪಟ್ಟು ಅವರು ಬಿಡಿಸಿದ ಗಂಟನ್ನು ನಾವು ಕನ್ನಡದಲ್ಲಿ ಮತ್ತೆ ಹಾಕಬೇಕೇ? ಅಲ್ಲಮನ ಬಯಲಿನ ಬಗ್ಗೆಯೂ ನನ್ನ ಮಾತು ಇದೇ. ಅದರ ಎತ್ತರ ಅದಕ್ಕಿರಲಿ.

ಹಿನ್ನೀರು

ಮೂರನೇ ಕಿಟಕಿಯವರ ಇತಿಹಾಸವನ್ನು ಒಪ್ಪುತ್ತೇನೆ, ನನಗೆ ಗೊತ್ತಿರಲಿಲ್ಲ. ಆದರೂ ನಲವತ್ತನೇ ಅಧ್ಯಾಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ‘ಯೌ’ ಹುಟ್ಟುವುದು ‘ವು’ನಿಂದ ಎಂದು ಅಲ್ಲಿ ಸ್ಪಷ್ಟವಾಗಿ ಇದೆ. ಗುಂಬದ ತೂತಿನಿಂದ ಬಂಡಿ ಹುಟ್ಟುವುದಿಲ್ಲವಲ್ಲ?

ಕಲ್ಲುಬೆಂಚು

ಉತ್ತರ ನೆಲದೊಳಗಿನಿಂದ ಬಂದಿದೆ. 1993ರಲ್ಲಿ ಹೂಬೆ ಪ್ರಾಂತದ ಜಿಂಗ್‌ಮೆನ್ ಬಳಿಯ ಗುವೊದ್ಯೆನ್‌ನಲ್ಲಿ ಒಂದು ಸಮಾಧಿ ತೆರೆದಾಗ ಬಿದಿರಿನ ಸೀಳುಗಳ ಮೇಲೆ ಬರೆದ ಲಾವೋತ್ಸೆ ಪಾಠ ಸಿಕ್ಕಿತು. ಸಮಾಧಿ ಕ್ರಿ.ಪೂ. 300ರ ಸುಮಾರಿನದು. ನಮಗೆ ಸಿಕ್ಕಿರುವ ಪ್ರತಿಗಳಲ್ಲಿ ಇದೇ ಅತ್ಯಂತ ಹಳೆಯದು. 1973ರಲ್ಲಿ ಮಾವಾಂಗ್‌ದ್ವೆಯಲ್ಲಿ ಸಿಕ್ಕ ರೇಷ್ಮೆಯ ಪ್ರತಿಗಳಿಗಿಂತ ಹಳೆಯದು. ಅದರಲ್ಲಿ ಹಿನ್ನೀರು ಅವರು ಉಲ್ಲೇಖಿಸಿದ ಸಾಲು ಹೀಗಿದೆ: “ಲೋಕದ ವಸ್ತುಗಳು ಯೌನಿಂದ ಹುಟ್ಟುತ್ತವೆ, ವುನಿಂದ ಹುಟ್ಟುತ್ತವೆ.” ಎರಡನೇ ‘ಯೌ’ ಅಲ್ಲಿಲ್ಲ. ಒಂದೇ ಅಕ್ಷರದ ವ್ಯತ್ಯಾಸ, ಅರ್ಥ ತಲೆಕೆಳಗಾಗುತ್ತದೆ. ‘ವು’ ಮೇಲೆ, ‘ಯೌ’ ಕೆಳಗೆ ಎಂಬ ಏಣಿ ಮಾಯವಾಗಿ ಎರಡೂ ಅಕ್ಕಪಕ್ಕ ನಿಲ್ಲುತ್ತವೆ. ಬರೆಯುವವನು ಒಂದು ಅಕ್ಷರ ಬಿಟ್ಟಿದ್ದಾನೆ ಎನ್ನುವ ವಿದ್ವಾಂಸರೂ ಇದ್ದಾರೆ. ನನಗೆ ಅದು ಸಮಾಧಾನ ಕೊಡುವುದಿಲ್ಲ, ಏಕೆಂದರೆ ಎರಡನೇ ಅಧ್ಯಾಯವೇ “ಯೌ ಮತ್ತು ವು ಒಂದನ್ನೊಂದು ಹುಟ್ಟಿಸುತ್ತವೆ” ಎನ್ನುತ್ತದೆ.

ಇನ್ನು ವಾಂಗ್ ಬಿಯ ಮಾತು ಚೀನಾದಲ್ಲೂ ಎಲ್ಲರೂ ಒಪ್ಪಿದ್ದಲ್ಲ. ಅವನಾದ ಅರ್ಧ ಶತಮಾನದ ಬಳಿಕ ‘ಜುವಾಂಗ್‌ತ್ಸೆ’ಗೆ ವ್ಯಾಖ್ಯಾನ ಬರೆದ ಗುವೊ ಶ್ಯಾಂಗ್, ‘ಇಲ್ಲ’ ಎಂದ ಮೇಲೆ ಅದು ಇಲ್ಲವೇ ಇಲ್ಲ, ಅದು ಇರುವುದನ್ನು ಹುಟ್ಟಿಸಲಾರದು ಎಂದು ಹೇಳಿ ಆ ಬೇರನ್ನೇ ಕತ್ತರಿಸಿದ.

ಎಲ್ಲಕ್ಕಿಂತ ನನಗೆ ಮುಖ್ಯವಾಗಿ ಕಾಣುವವನು ಹನ್ನೊಂದನೇ ಶತಮಾನದ ಮಂತ್ರಿ ವಾಂಗ್ ಆನ್‌ಶಿ. ಸಾಲ, ತೆರಿಗೆ, ಪರೀಕ್ಷೆ ಎಲ್ಲದರಲ್ಲೂ ಸುಧಾರಣೆ ತರಲು ಹೊರಟ ಮನುಷ್ಯ. ಲಾವೋತ್ಸೆಯ ಬಗ್ಗೆ ಬರೆದ ಚಿಕ್ಕ ಪ್ರಬಂಧದಲ್ಲಿ ಅವನು ಇದೇ ಗಾಲಿಯನ್ನು ಎತ್ತಿಕೊಳ್ಳುತ್ತಾನೆ. ಗಾಲಿ ಮಾಡುವವರು ಗುಂಬ ಮತ್ತು ಅರೆಗಳ ಮೇಲೆ ಕೆಲಸ ಮಾಡುತ್ತಾರೆ, ‘ವು’ನ ಮೇಲಲ್ಲ, ಗುಂಬ, ಅರೆ ಸರಿಯಾದರೆ ‘ವು’ ತಾನಾಗಿ ಬಳಕೆಗೆ ಬರುತ್ತದೆ. ಅವನ್ನು ಕಿತ್ತೆಸೆದು ‘ವು’ನ ಉಪಯೋಗಕ್ಕಾಗಿ ಕಾದು ಕುಳಿತರೆ ಅದು ಮೂರ್ಖತನಕ್ಕೆ ಹತ್ತಿರ, ಎನ್ನುತ್ತಾನೆ. ಖಾಲಿತನವನ್ನು ಹಾಡಿ ಹೊಗಳುವ ಎಲ್ಲರೂ ಈ ಮಾತನ್ನು ಓದಬೇಕು. ಅಧ್ಯಾಯದ ಕೊನೆಯ ಸಾಲಿನ ಮೊದಲ ಅರ್ಧದಲ್ಲಿ ‘ಯೌ’ ಇದೆ, ಅದನ್ನು ಎಲ್ಲರೂ ಹಾರಿಸಿಬಿಡುತ್ತಾರೆ.

ಬಂಡಿಹಾದಿ

ಮಂತ್ರಿಗಳ ಮಾತಿನಲ್ಲಿ ಅರ್ಧ ಸರಿ. ತೂತನ್ನು ತರಲು ಮರ ಬೇಕು, ಮರವಿಲ್ಲದೆ ತೂತಿಲ್ಲ. ಆದರೆ ಬಡಗಿ ತೂತಿನ ಮೇಲೆ ಕೆಲಸ ಮಾಡುವುದಿಲ್ಲ, ಅದು ತಾನಾಗಿ ಬರುತ್ತದೆ ಎಂದವರು ಉಳಿ ಹಿಡಿದಿರಲಿಕ್ಕಿಲ್ಲ. ಕೈ ಮರದ ಮೇಲಿರುತ್ತದೆ, ಮನಸ್ಸೆಲ್ಲ ತೂತಿನ ಮೇಲಿರುತ್ತದೆ. ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಇಲ್ಲದ ಆ ಜಾಗವೇ ಹೇಳುತ್ತದೆ.

ಕಲ್ಲುಬೆಂಚು

ನಿಮ್ಮ ಆಕ್ಷೇಪಣೆ ನ್ಯಾಯವಾದದ್ದು. ವಾಂಗ್ ಆನ್‌ಶಿಯನ್ನು ಮೆಚ್ಚಿಕೊಂಡು ಅಷ್ಟು ವರ್ಷ ಓದಿದರೂ ನನಗೆ ಇದು ಹೊಳೆದಿರಲಿಲ್ಲ. ಮೂರನೆಯ ಉದಾಹರಣೆಯಲ್ಲಿ ನಿಮ್ಮ ಮಾತಿಗೆ ಬೆಂಬಲವೂ ಇದೆ. ಬಾಗಿಲು, ಕಿಟಕಿಗೆ ಮೂಲದಲ್ಲಿ ಬಳಸಿರುವ ಕ್ರಿಯಾಪದಕ್ಕೆ ಉಳಿಯಿಂದ ಕೊರೆ ಎಂದೇ ಅರ್ಥ. ಉತ್ತರ ಚೀನಾದ ಹಳದಿ ಮಣ್ಣಿನ ಗುಡ್ಡಗಳನ್ನು ಕೊರೆದು ಮಾಡಿದ ಗುಹೆಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸಾಲನ್ನು ಓದುವವರಿದ್ದಾರೆ. ಅಲ್ಲಿ ಮನೆ ಕಟ್ಟುವುದೆಂದರೆ ಮಣ್ಣು ತೆಗೆಯುವುದು.

ಸಂಜೆಪಾಳಿ

ಇಷ್ಟು ಆಳದ ಚರ್ಚೆಯ ನಡುವೆ ಬರಬಹುದೋ ಇಲ್ಲವೋ ತಿಳಿಯದು. ನಾನು ಆಸ್ಪತ್ರೆಯೊಂದರಲ್ಲಿ ದಾದಿ. ರೋಗಿಗಳ ಕಡೆಯವರು ಸಿಟ್ಟಿನಲ್ಲಿ ನಮ್ಮ ಮೇಲೆ ಕೂಗಾಡುವುದು ದಿನನಿತ್ಯದ ಮಾತು. ‘ಖಾಲಿ ದೋಣಿ’ಯ ಕತೆಯನ್ನು ಯಾರೋ ಕಳುಹಿಸಿದ್ದರು: ನದಿಯಲ್ಲಿ ಖಾಲಿ ದೋಣಿ ಬಂದು ಡಿಕ್ಕಿ ಹೊಡೆದರೆ ಮುಂಗೋಪಿಗೂ ಸಿಟ್ಟು ಬರುವುದಿಲ್ಲ, ಆದ್ದರಿಂದ ಎದುರಿನವರನ್ನು ಖಾಲಿ ದೋಣಿ ಎಂದುಕೊಳ್ಳಿ ಎಂದು. ಪ್ರಯತ್ನಿಸಿದೆ. ಆದರೆ ತಾಯಿಯನ್ನು ಕಳೆದುಕೊಳ್ಳುತ್ತಿರುವ ಮಗನನ್ನು ಖಾಲಿ ದೋಣಿ ಎಂದುಕೊಳ್ಳುವುದು ನನಗೆ ಸಾಧ್ಯವಾಗಲಿಲ್ಲ. ಅದು ಕ್ರೌರ್ಯ ಎನ್ನಿಸಿತು. ತಾವೋದ ಖಾಲಿತನ ಇದೇ ಏನು?

ಓದುಕೋಣೆ

ಬರಬೇಕಾದ ಪ್ರಶ್ನೆಯೇ ಬಂದಿದೆ. ಇಲ್ಲ, ಅದು ಇದಲ್ಲ. ನಿಮಗೆ ಬಂದದ್ದು ತಿರುವುಮುರುವಾದ ಕತೆ. ‘ಜುವಾಂಗ್‌ತ್ಸೆ’ಯ ಇಪ್ಪತ್ತನೇ ಅಧ್ಯಾಯದಲ್ಲಿ, ಚಿಂತೆಯಿಂದ ಕಂಗೆಟ್ಟ ಲೂ ರಾಜ್ಯದ ದೊರೆಗೆ ಯಿಲ್ಯಾವ್ ಎಂಬಾತ ಈ ಮಾತು ಹೇಳುತ್ತಾನೆ. ದೋಣಿ ಖಾಲಿಯಿದ್ದರೆ ಯಾರಿಗೂ ಸಿಟ್ಟಿಲ್ಲ. ಅದರಲ್ಲಿ ಒಬ್ಬ ಮನುಷ್ಯನಿದ್ದರೆ ಒಂದು ಸಲ ಕೂಗುತ್ತಾರೆ, ಎರಡು ಸಲ ಕೂಗುತ್ತಾರೆ, ಮೂರನೆಯ ಸಲ ಬೈಗುಳ. ಅಲ್ಲಿಂದ ಅವನು ತಲುಪುವ ಮಾತು: ತನ್ನನ್ನು ತಾನು ಖಾಲಿ ಮಾಡಿಕೊಂಡು ಲೋಕದಲ್ಲಿ ತೇಲುವವನಿಗೆ ಯಾರು ಹಾನಿ ಮಾಡಿಯಾರು? ಖಾಲಿಯಾಗಬೇಕಾದದ್ದು ನಮ್ಮ ದೋಣಿ. ಎದುರಿನವನನ್ನು ಇಲ್ಲವಾಗಿಸುವ ಸಲಹೆ ಅಲ್ಲಿ ಎಲ್ಲೂ ಇಲ್ಲ.

ಇಲ್ಲಿ ಬರುವ ಪದ ‘ವು’ ಅಲ್ಲ, ‘ಷ್ಯು’. ಬರಿದು, ತೆರಪು ಎಂಬುದಕ್ಕೆ ಅದು ಹತ್ತಿರ. ಐದನೇ ಅಧ್ಯಾಯದಲ್ಲಿ ಲಾವೋತ್ಸೆ ಭೂಮಿ ಆಕಾಶಗಳ ನಡುವಿನ ಜಾಗವನ್ನು ಕುಲುಮೆಯ ತಿದಿಗೆ ಹೋಲಿಸುವಾಗಲೂ ಇದೇ ಪದ: “ಬರಿದು, ಆದರೂ ಬತ್ತದು, ಆಡಿಸಿದಷ್ಟೂ ಹೊಮ್ಮುವುದು.”

ಮೂರನೇ ಕಿಟಕಿ

ಸಂಜೆಪಾಳಿ ಅವರಿಗೆ ಇನ್ನೊಂದು ಮಾತು ಸೇರಿಸುತ್ತೇನೆ. ‘ಜುವಾಂಗ್‌ತ್ಸೆ’ಯ ನಾಲ್ಕನೇ ಅಧ್ಯಾಯದಲ್ಲಿ ‘ಮನಸ್ಸಿನ ಉಪವಾಸ’ ಎಂಬ ಮಾತು ಬರುತ್ತದೆ. ಬೆಟ್ಟದ ಮೇಲೆ ಒಂಟಿಯಾಗಿ ಕುಳಿತವನಿಗೆ ಕೊಟ್ಟ ಉಪದೇಶವಲ್ಲ ಅದು. ಕ್ರೂರ ದೊರೆಯೊಬ್ಬನನ್ನು ತಿದ್ದಲು ಹೊರಟ ಶಿಷ್ಯ ಯೆನ್ ಹ್ವೆಗೆ ಕನ್ಫ್ಯೂಷಿಯಸ್ ಹೇಳುವಂತೆ ಅದನ್ನು ಬರೆದಿದ್ದಾರೆ. ಶಿಷ್ಯನ ತಲೆ ಯೋಜನೆಗಳಿಂದ ತುಂಬಿದೆ, ಅವನು ಹೋದರೆ ತಲೆ ಉಳಿಯುವುದಿಲ್ಲ. ಕಿವಿಯಿಂದ ಕೇಳಬೇಡ, ಮನಸ್ಸಿನಿಂದ ಕೇಳು. ಮನಸ್ಸಿನಿಂದಲೂ ಬೇಡ, ‘ಚೀ’ಯಿಂದ ಕೇಳು ಎನ್ನುತ್ತಾನೆ ಗುರು. ‘ಚೀ’ ಎಂದರೆ ಉಸಿರು, ಪ್ರಾಣವಾಯು. ಅದು ಬರಿದಾಗಿದ್ದು ಎದುರು ಬಂದದ್ದಕ್ಕಾಗಿ ಕಾಯುತ್ತದೆ. ತಾವೋ ಬಂದು ಸೇರುವುದು ಆ ಬರಿದಿನಲ್ಲಿ. ಅಂದರೆ ಖಾಲಿತನ ಬೇಕಾದದ್ದು ಕೇಳಿಸಿಕೊಳ್ಳುವುದಕ್ಕೆ. ಕೂಗುತ್ತಿರುವ ಮಗನ ಮಾತಿಗೆ ನಿಮ್ಮೊಳಗೆ ಜಾಗವಿರುವುದು.

ಒಂದು ಎಚ್ಚರವನ್ನೂ ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ. ಮೂರನೇ ಅಧ್ಯಾಯದಲ್ಲಿ, ಜ್ಞಾನಿಯ ಆಳ್ವಿಕೆ ಜನರ ಮನಸ್ಸನ್ನು ಬರಿದು ಮಾಡುತ್ತದೆ, ಹೊಟ್ಟೆ ತುಂಬಿಸುತ್ತದೆ, ಅವರನ್ನು ಸದಾ ಅರಿವಿಲ್ಲದವರಾಗಿ, ಆಸೆಯಿಲ್ಲದವರಾಗಿ ಇಡುತ್ತದೆ ಎಂದಿದೆ. ಕುತಂತ್ರದ ಅರಿವನ್ನಷ್ಟೇ ಅಲ್ಲಿ ಹೇಳಿದೆ ಎಂದು ಮೃದುಗೊಳಿಸುವವರಿದ್ದಾರೆ. ನನಗೆ ಆ ಸಾಲು ಇಂದಿಗೂ ಮುಳ್ಳು. ತಾನೇ ಬರಿದಾಗುವುದು ಬೇರೆ, ಇನ್ನೊಬ್ಬರನ್ನು ಬರಿದು ಮಾಡುವುದು ಬೇರೆ.

ಸಂಜೆಪಾಳಿ

ನಿನ್ನೆ ಪಾಳಿ ಮುಗಿಸಿ ಬಂದು ನಿಮ್ಮಿಬ್ಬರ ಉತ್ತರಗಳನ್ನು ಓದಿದೆ. ನಮ್ಮ ದೋಣಿ ಖಾಲಿಯಾಗಬೇಕು ಎಂಬುದು ಮೊದಲಿನದಕ್ಕಿಂತ ಕಷ್ಟದ ಕೆಲಸ. ಆದರೂ ಅದು ನನ್ನ ಮನಸ್ಸು ಒಪ್ಪುವ ಕೆಲಸ.

ಓದುಕೋಣೆ

ಎರಡು ವಾರ ಸುಮ್ಮನಿದ್ದೆ. ಈಗ ನನಗೆ ಕಂಡದ್ದನ್ನು ಹೇಳುತ್ತೇನೆ.

ಹಳೆಯ ಚೀನೀ ಭಾಷೆಯಲ್ಲಿ ‘ಯೌ’ ಮತ್ತು ‘ವು’ ಮೂಲತಃ ದಿನಬಳಕೆಯ ಕ್ರಿಯಾಪದಗಳು. ‘ಯೌ’ ಎಂದರೆ ಇದೆ. ನನ್ನ ಬಳಿ ಇದೆ ಎಂಬುದೂ ಅದೇ. ‘ವು’ ಎಂದರೆ ಇಲ್ಲ. ನನ್ನ ಬಳಿ ಇಲ್ಲ ಎಂಬುದೂ ಅದೇ. ಇಂಗ್ಲಿಷಿನಲ್ಲಿ ಇರುವುದಕ್ಕೆ ಒಂದು ಕ್ರಿಯಾಪದ, ಹೊಂದಿರುವುದಕ್ಕೆ ಇನ್ನೊಂದು ಬೇಕು. ಆದ್ದರಿಂದ ಅಲ್ಲಿನ ಅನುವಾದಕರು ಭಾರವಾದ ನಾಮಪದಗಳ ಮೊರೆ ಹೋಗಬೇಕಾಯಿತು. ಕನ್ನಡಕ್ಕೆ ಆ ಕಷ್ಟವೇ ಇಲ್ಲ. “ಬಾವಿಯಲ್ಲಿ ನೀರು ಇಲ್ಲ”, “ನನಗೆ ತಂಗಿ ಇಲ್ಲ”, ಎರಡಕ್ಕೂ ನಮ್ಮಲ್ಲಿ ಒಂದೇ ಪದ. ಮಗು ಮೊದಲು ಕಲಿಯುವ ಪದಗಳಲ್ಲಿ ಒಂದು. ನಾನು ಸಂಸ್ಕೃತದ ಕಪಾಟಿನಲ್ಲಿ ಹುಡುಕುತ್ತಿದ್ದದ್ದು ಅಡುಗೆಮನೆಯಲ್ಲಿ ಇತ್ತು.

ಇನ್ನೊಂದು ಸೂಕ್ಷ್ಮ. ಮೂಲದಲ್ಲಿ ‘ವು’ ಮತ್ತು ‘ಯೌ’ ಪಕ್ಕಪಕ್ಕದಲ್ಲೇ ಬರುತ್ತವೆ: ಅಲ್ಲಿ ಇಲ್ಲ, ಇದೆ ಬಂಡಿಯ ಬಳಕೆ. ಹಳೆಯ ಬರಹಕ್ಕೆ ವಿರಾಮಚಿಹ್ನೆಗಳಿಲ್ಲವಾದ್ದರಿಂದ ಎರಡನ್ನೂ ಕೂಡಿಸಿ “ಅದರ ಇಲ್ಲ-ಇದೆಗಳಲ್ಲಿ ಬಂಡಿಯ ಬಳಕೆ” ಎಂದು ಓದಿದ ವಿದ್ವಾಂಸರೂ ಇದ್ದಾರೆ. ಯಾವ ಓದಿನಲ್ಲೂ ಇಲ್ಲ ಮತ್ತು ಇದೆ ಭುಜಕ್ಕೆ ಭುಜ ತಾಗಿಸಿ ನಿಂತಿವೆ. ಅದನ್ನು ಉಳಿಸಲು ಪ್ರಯತ್ನಿಸಿದ್ದೇನೆ:

ಮೂವತ್ತು ಅರೆಗಳಿಗೆ ಗುಂಬ ಒಂದೇ.
ಅಲ್ಲಿ ಏನೂ ಇಲ್ಲ. ಇದೆ ಬಂಡಿಯ ಬಳಕೆ.
ಮಣ್ಣು ನಾದಿ ಮಾಡಿದ್ದು ಮಡಕೆ.
ಅಲ್ಲಿ ಏನೂ ಇಲ್ಲ. ಇದೆ ಮಡಕೆಯ ಬಳಕೆ.
ಬಾಗಿಲು ಕಿಟಕಿ ಕೊರೆದು ಮಾಡಿದ್ದು ಮನೆ.
ಅಲ್ಲಿ ಏನೂ ಇಲ್ಲ. ಇದೆ ಮನೆಯ ಬಳಕೆ.
‘ಇದೆ’ಯಿಂದ ಲಾಭ,
‘ಇಲ್ಲ’ದಿಂದ ಬಳಕೆ.

ಹಿನ್ನೀರು

ಮೊದಲು ಸಾಲುಗಳನ್ನು ಗಟ್ಟಿಯಾಗಿ ಓದಿದೆ, ಆಮೇಲೆ ವಾದಿಸೋಣ ಎಂದುಕೊಂಡೆ. ವಾದಿಸಲು ಮನಸ್ಸಾಗುತ್ತಿಲ್ಲ. ನಲವತ್ತನೇ ಅಧ್ಯಾಯದ ಬಗ್ಗೆ ನನ್ನ ನಿಲುವು ಪೂರ್ತಿ ಬದಲಾಗಿಲ್ಲ. ‘ಇಲ್ಲ’ದಲ್ಲಿ ಬಳಕೆಗಿಂತ ಹಿರಿದಾದದ್ದು ಏನೋ ಇದೆ ಎಂದೇ ನನ್ನ ನಂಬಿಕೆ. ಆದರೆ ಈ ಅಧ್ಯಾಯದಲ್ಲಿ ‘ಶೂನ್ಯ’ ಇರಬೇಕಾಗಿಲ್ಲ. ‘ಲಾಭ’ ಮಾತ್ರ ಅಂಗಡಿಯ ಪದವಾಯಿತು.

ಕಲ್ಲುಬೆಂಚು

‘ಲಾಭ’ ನನಗೂ ಒಗ್ಗಲಿಲ್ಲ. ಮೂಲದ ‘ಲೀ’ ಎಂಬ ಅಕ್ಷರದಲ್ಲಿ ಒಂದು ಬದಿಗೆ ಪೈರು, ಇನ್ನೊಂದು ಬದಿಗೆ ಕತ್ತಿ ಇದೆ. ಹರಿತ ಎಂಬ ಅರ್ಥವೂ ಅದಕ್ಕಿದೆ. ಕೈಗೆ ಸಿಗುವ, ಕೆಲಸಕ್ಕೆ ಬರುವ ವಸ್ತುವಿನ ಅನುಕೂಲ ಅದು.

ಬಂಡಿಹಾದಿ

ನಮ್ಮಲ್ಲಿ ಒಳ್ಳೆಯ ಮರಕ್ಕೆ “ಒದಗುತ್ತದೆ” ಎನ್ನುತ್ತೇವೆ. “ಇರುವುದು ಒದಗುತ್ತದೆ, ಇಲ್ಲದ್ದು ಬಳಕೆಯಾಗುತ್ತದೆ” ಎಂದರೆ ಸರಿಹೋಗಬಹುದೇ?

ಓದುಕೋಣೆ

ಸರಿಹೋಗುತ್ತದೆ. ಹಾಗೆಯೇ ಬರೆದುಕೊಂಡೆ.